ಕೈ ಉಪಕರಣಗಳ ಸುಂಕ ವರ್ಗೀಕರಣ

ಕೈ ಉಪಕರಣಗಳ ಸುಂಕ ವರ್ಗೀಕರಣ ಎಂದರೆ ಗುದ್ದಲಿ, ಸುತ್ತಿಗೆ, ಗರಗಸ, ಇಕ್ಕಳ ಮೊದಲಾದ, ಯಂತ್ರಶಕ್ತಿಯ ನೆರವಿಲ್ಲದೆ ಬಳಸುವ ಸಾಧನಗಳಿಗೆ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸಂಕೇತ ಸಂಖ್ಯೆಯನ್ನು ಗೊತ್ತುಪಡಿಸುವ ಕ್ರಮ. ಆಮದು ಸುಂಕದ ದರ, ತೆರಿಗೆ ವಿನಾಯಿತಿ ಹಾಗೂ ವ್ಯಾಪಾರದ ಅಂಕಿಅಂಶಗಳು ಈ ಸಂಖ್ಯೆಯನ್ನೇ ಅವಲಂಬಿಸಿವೆ.

ಹಿನ್ನೆಲೆ

ಸರಕುಗಳಿಗೆ ಸಮಾನ ಹೆಸರುಪಟ್ಟಿ ರೂಪಿಸುವ ಯತ್ನ ರಾಷ್ಟ್ರಸಂಘದ ಕಾಲದಲ್ಲಿಯೇ ಜಿನೀವಾದಲ್ಲಿ ನಡೆದಿತ್ತು. 1950ರ ಬ್ರಸೆಲ್ಸ್ ಒಪ್ಪಂದ ಅದನ್ನು ಮುಂದುವರಿಸಿತು. ಈಗ ಬಳಕೆಯಲ್ಲಿರುವ ಹಾರ್ಮೊನೈಸ್ಡ್ ಸಿಸ್ಟಮ್ ಪದ್ಧತಿಯ ಒಪ್ಪಂದಕ್ಕೆ 1983ರಲ್ಲಿ ಸಹಿಯಾಗಿ, 1988ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆ ಇದನ್ನು ನಿರ್ವಹಿಸುತ್ತದೆ. ಮೊದಲ ಆರು ಅಂಕಿಗಳು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಒಂದೇ. ಅದರಾಚೆಗೆ ಆಯಾ ದೇಶ ತನ್ನ ಅಂಕಿಗಳನ್ನು ಸೇರಿಸಿಕೊಳ್ಳಬಹುದು. ಭಾರತದಲ್ಲಿ ಎಂಟು ಅಂಕಿಗಳಿವೆ.

82ನೆಯ ಅಧ್ಯಾಯ

ಲೋಹದ ಕೈ ಉಪಕರಣಗಳಿಗೆ ಮೀಸಲಾದುದು 82ನೆಯ ಅಧ್ಯಾಯ. ಇದರ ಮೊದಲ ಶೀರ್ಷಿಕೆ 8201 ಕೃಷಿ, ತೋಟಗಾರಿಕೆ ಮತ್ತು ಅರಣ್ಯ ಕೆಲಸಗಳದು: ಗುದ್ದಲಿ, ಸನಿಕೆ, ಪಿಕಾಸಿ, ಕೊಡಲಿ, ಮಚ್ಚು, ಕುಡುಗೋಲು, ಗಿಡ ಸವರುವ ಕತ್ತರಿ ಇಲ್ಲಿ ಬರುತ್ತವೆ. ಕೋಳಿಮಾಂಸ ಕತ್ತರಿಸುವ ಅಡುಗೆಮನೆಯ ಕತ್ತರಿಯೂ ರೂಪಸಾಮ್ಯದಿಂದಾಗಿ ಇದೇ ಶೀರ್ಷಿಕೆಗೆ ಸೇರಿರುವುದು ಕುತೂಹಲಕರ. ಕೈಗರಗಸಗಳೂ ಎಲ್ಲ ಬಗೆಯ ಗರಗಸದ ಅಲಗುಗಳೂ 8202ರಲ್ಲಿ, ಅರ, ಇಕ್ಕಳ, ಚಿಮಟಗಳು 8203ರಲ್ಲಿ, ಪಾನಾಗಳು 8204ರಲ್ಲಿ ಬರುತ್ತವೆ. ಬೇರೆಲ್ಲಿಯೂ ಹೆಸರಿಸದ ಉಪಕರಣಗಳಿಗೆ 8205 ಆಶ್ರಯ. ಸುತ್ತಿಗೆ, ಉಳಿ, ಸ್ಕ್ರೂಡ್ರೈವರ್, ಅಡಿಗಲ್ಲು, ಕಮ್ಮಾರನ ಒಯ್ಯಬಹುದಾದ ಕುಲುಮೆ ಇಲ್ಲಿ ಸೇರುತ್ತವೆ.

8202ರಿಂದ 8205ರವರೆಗಿನ ಎರಡು ಅಥವಾ ಹೆಚ್ಚು ಶೀರ್ಷಿಕೆಗಳ ಉಪಕರಣಗಳನ್ನು ಚಿಲ್ಲರೆ ಮಾರಾಟಕ್ಕೆಂದು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿದರೆ ಅದು 8206. ಈ ಮಿತಿಯೊಳಗೆ 8201 ಇಲ್ಲವೆಂಬುದನ್ನು ಗಮನಿಸಬೇಕು. ಕೇವಲ ತೋಟದ ಸಲಕರಣೆಗಳ ಜೋಡಣೆ 8206 ಆಗುವುದಿಲ್ಲ. ಕೊರೆಯುವ ಬಿಟ್‌ಗಳಂತಹ ಬದಲಾಯಿಸಬಹುದಾದ ಭಾಗಗಳು 8207ರಲ್ಲಿವೆ. ಮುಂದಿನ ಶೀರ್ಷಿಕೆಗಳು ಹೆಚ್ಚಾಗಿ ಚಾಕು, ಕತ್ತರಿ, ಚಮಚಗಳಂತಹವುಗಳಿಗೆ ಸಂಬಂಧಿಸಿವೆ.

ಕೆಲಸ ಮಾಡುವ ಭಾಗದ ನಿಯಮ

ಕೆಲವು ಅಪವಾದಗಳನ್ನು ಬಿಟ್ಟರೆ, ಉಪಕರಣದ ಅಲಗು, ಅಂಚು ಅಥವಾ ಕೆಲಸ ಮಾಡುವ ಮೈ ಯಾವ ವಸ್ತುವಿನದು ಎಂಬುದೇ ಈ ಅಧ್ಯಾಯದ ಪ್ರವೇಶದ ಷರತ್ತು. ಅದು ಸಾಮಾನ್ಯ ಲೋಹದ್ದೋ, ಲೋಹದ ಕಾರ್ಬೈಡ್‌ನದೋ, ಲೋಹದ ಆಧಾರಕ್ಕೆ ಕೂಡಿಸಿದ ರತ್ನದ್ದೋ ಆಗಿರಬೇಕು. ಆದುದರಿಂದಲೇ ಗಾಜು ಕೊಯ್ಯುವವರ ವಜ್ರದ ಮೊನೆ ಇಲ್ಲಿದೆ. ಹಿಡಿಕೆ ಮರದ್ದಾದರೂ ಕೊಡಲಿ ಲೋಹದ ಉಪಕರಣವೇ. ಆದರೆ ತಲೆಯೇ ಮರದ್ದಾಗಿರುವ ಕೊಡತಿ 4417ಕ್ಕೆ ಹೋಗುತ್ತದೆ. ಕೊಡಲಿಯ ಕಾವು ಬಿಡಿಯಾಗಿ ಬಂದರೂ ಅದೇ 4417.

ಕೈಯಲ್ಲಿ ಹಿಡಿದು ಬಳಸಿದರೂ ವಿದ್ಯುತ್ ಮೋಟರ್ ಅಥವಾ ಗಾಳಿಯ ಒತ್ತಡದಿಂದ ನಡೆಯುವ ಉಪಕರಣಗಳು 8467ಕ್ಕೆ ಸೇರುತ್ತವೆ. ಹುಬ್ಬು ಕೀಳುವ ಚಿಮಟ 8203ರಲ್ಲಿದ್ದರೆ ಶಸ್ತ್ರಚಿಕಿತ್ಸೆಯ ಚಿಮಟ 9018ರಲ್ಲಿದೆ.

ಗಡಿಯ ಪ್ರಕರಣಗಳು

ಶೀರ್ಷಿಕೆಗಳ ಎಲ್ಲೆಯಲ್ಲಿ ಲೋಕರೂಢಿಗೂ ಸುಂಕಪಟ್ಟಿಗೂ ಆಗಾಗ ಹೊಂದಿಕೆಯಾಗುವುದಿಲ್ಲ. ಬಡಗಿಯ ಬಾಚಿ ಕೊಡಲಿಯ ಜಾತಿಯದೆಂದು 8201ಕ್ಕೆ ಸೇರುತ್ತದೆ. ತೋಟಗಾರನ ಗಿಡ ಸವರುವ ಚಾಕು ಮಾತ್ರ 8211ರಲ್ಲಿ ಸ್ಪಷ್ಟವಾಗಿ ಹೆಸರಿಸಲ್ಪಟ್ಟಿದೆ. ರೈತನ ಮನೆಯಲ್ಲಿ ಗುದ್ದಲಿಯ ಪಕ್ಕದಲ್ಲೇ ನಿಂತಿರುವ ಹಾರೆಯನ್ನು ಅಮೆರಿಕದ ಸುಂಕಪಟ್ಟಿ 8205ರಡಿ ಇರಿಸಿದೆ.

ಒಂದೇ ವಸ್ತು ಎರಡು ಶೀರ್ಷಿಕೆಗಳಿಗೆ ಹೊಂದುವಂತಿದ್ದರೆ ಸಾಮಾನ್ಯ ಅರ್ಥನಿರೂಪಣಾ ನಿಯಮಗಳಲ್ಲಿ ಮೂರನೆಯದನ್ನು ಅನ್ವಯಿಸಬೇಕು. ಇಕ್ಕಳವೂ ಚಾಕುವೂ ಒಂದೇ ಹಿಡಿಕೆಯಲ್ಲಿ ಮಡಚಿಕೊಳ್ಳುವ ಬಹುಪಯೋಗಿ ಉಪಕರಣದಲ್ಲಿ ಮೊದಲು ಹೆಚ್ಚು ನಿರ್ದಿಷ್ಟವಾದ ವಿವರಣೆಯನ್ನು ಹುಡುಕಬೇಕು. ಅದರಿಂದ ಇತ್ಯರ್ಥವಾಗದಿದ್ದರೆ ವಸ್ತುವಿಗೆ ಮೂಲ ಸ್ವರೂಪ ನೀಡುವ ಭಾಗ ಯಾವುದೆಂದು ನೋಡಬೇಕು. ಅದೂ ತಿಳಿಯದಿದ್ದರೆ ಸಂಖ್ಯಾಕ್ರಮದಲ್ಲಿ ಕೊನೆಯದು, ಅಂದರೆ 8203 ಮತ್ತು 8211ರ ಪೈಕಿ 8211, ಸಿಂಧುವಾಗುತ್ತದೆ.

ಆರ್ಥಿಕ ಪರಿಣಾಮ

ಭಾರತದಲ್ಲಿ 2017ರ ಜಿಎಸ್‌ಟಿ ವ್ಯವಸ್ಥೆಯೂ ಇದೇ ಸಂಖ್ಯೆಗಳನ್ನು ಅಳವಡಿಸಿಕೊಂಡಿತು. ಆಗ 8201ರ ಕೃಷಿ ಕೈ ಉಪಕರಣಗಳಿಗೆ ತೆರಿಗೆ ಶೂನ್ಯವೆಂದೂ 8205ರ ಸುತ್ತಿಗೆ, ಉಳಿಗಳಿಗೆ ಶೇ. 18 ಎಂದೂ ನಿಗದಿಯಾಯಿತು. ಮಣ್ಣು, ಗಾರೆ ಹೊರುವ ಬಾಂಡ್ಲಿಯನ್ನು (ಗಮೇಲ) ಹೆಸರು ಹೇಳಿಯೇ ಆ ವಿನಾಯಿತಿಯಿಂದ ಹೊರಗಿಡಲಾಯಿತು. ಹೀಗೆ ಹಳ್ಳಿಯ ಒಂದೇ ಅಂಗಡಿಯ ಒಂದೇ ಗೋಡೆಗೆ ಒರಗಿಸಿಟ್ಟ ಸಾಮಾನುಗಳ ನಡುವೆ ತೆರಿಗೆಯ ಗೆರೆ ಹಾದುಹೋಗುತ್ತದೆ.

ಅಮೆರಿಕವು ಚೀನಾದಿಂದ ಬರುವ ಕುಲುಮೆಯಲ್ಲಿ ಬಡಿದು ತಯಾರಿಸಿದ ಭಾರದ ಉಪಕರಣಗಳ ಮೇಲೆ 1991ರಲ್ಲಿ ಸುರಿವಿರೋಧಿ ಸುಂಕ ವಿಧಿಸಿತು. ಕೊಡಲಿ ಮತ್ತು ಬಾಚಿ, ಹಾರೆ ಮತ್ತು ಬೆಣೆ, ಸುತ್ತಿಗೆ ಮತ್ತು ಸಮ್ಮಟಿಗೆ, ಪಿಕಾಸಿಯ ಜಾತಿ ಎಂದು ನಾಲ್ಕು ಪ್ರತ್ಯೇಕ ಆದೇಶಗಳಿದ್ದವು. ಇಂತಹ ಸಂದರ್ಭದಲ್ಲಿ ಸಂಕೇತ ಸಂಖ್ಯೆ ಅನುಕೂಲಕ್ಕಾಗಿ ಮಾತ್ರ. ಆದೇಶದಲ್ಲಿರುವ ಲಿಖಿತ ವಿವರಣೆಯೇ ನಿರ್ಣಾಯಕ.

ಸಂಶಯವಿದ್ದಲ್ಲಿ ಭಾರತದ ಆಮದುದಾರನು 1962ರ ಕಸ್ಟಮ್ಸ್ ಕಾಯಿದೆಯಡಿ ಸರಕು ತರಿಸುವ ಮೊದಲೇ ಮುಂಗಡ ತೀರ್ಪು ಕೋರಬಹುದು. ಆ ತೀರ್ಪು ಅರ್ಜಿದಾರನಿಗೂ ಸಂಬಂಧಪಟ್ಟ ಅಧಿಕಾರಿಗಳಿಗೂ ಮಾತ್ರ ಬದ್ಧವಾಗಿದ್ದು, ಅದೇ ಉಪಕರಣವನ್ನು ತರಿಸುವ ಇನ್ನೊಬ್ಬನು ಅದನ್ನು ತನ್ನ ಹಕ್ಕೆಂದು ಮುಂದಿಡುವಂತಿಲ್ಲ.