ಎತ್ತರದ ಮರುಭೂಮಿಯಿಂದ ಬೈಲಕುಪ್ಪೆಗೆ

ಮೈಸೂರಿನಿಂದ ಮಡಿಕೇರಿಯ ಬಸ್ಸು ಹತ್ತಿದರೆ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಕಾವೇರಿಯ ಸೇತುವೆ ಎದುರಾಗುವ ಮೊದಲೇ ಬೈಲಕುಪ್ಪೆ ಸಿಗುತ್ತದೆ. ನಿಲುವಂಗಿ ತೊಟ್ಟ ಮುದುಕಿಯೊಬ್ಬಳು ಜಪಚಕ್ರ ತಿರುಗಿಸುತ್ತ ಮುಸುಕಿನ ಜೋಳದ ಹೊಲದ ಬದುವಿನಲ್ಲಿ ನಡೆದುಹೋಗುವುದನ್ನು ನೀವು ಕಂಡಿರಬೇಕು. ಬೇಸಿಗೆಯ ರಜೆಯಲ್ಲಿ ಮನಾಲಿಯಿಂದ ಲೇಹ್ ಪಟ್ಟಣಕ್ಕೆ ಹೋಗುವ ದಾರಿಯನ್ನೂ ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಈ ಎರಡು ದಾರಿಗಳಿಗೂ ಒಂದು ನಂಟುಂಟು.

ಆ ಮೇಲಿನ ದಾರಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗುತ್ತದೆ, ಪ್ರಯಾಣವೆಲ್ಲ ಬೇಸಿಗೆಯಲ್ಲೇ. ಅಲ್ಲಿನ ತಂಗ್ಲಂಗ್ ಲಾ ಕಣಿವೆದಾರಿಯ ಎತ್ತರ 17,000 ಅಡಿಗೂ ಮೇಲೆ. ಮರುಭೂಮಿ ಎಂದರೆ ನಮಗೆ ನೆನಪಾಗುವುದು ಸುಡುವ ಮರಳು. ಇದು ಚಳಿಯ ಮರುಭೂಮಿ. ಕೊಡಗಿನಲ್ಲಿ ಧಾರಾಳವಾಗಿ ಸುರಿಯುವ ಮುಂಗಾರು ಹಿಮಾಲಯದ ಗೋಡೆಯನ್ನು ದಾಟಲಾರದು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4 ಅಂಗುಲ. ಇದೇ ಒಣ ಎತ್ತರ ಪೂರ್ವಕ್ಕೆ ಹಬ್ಬಿ ಟಿಬೆಟ್ಟಿನ ಚಾಂಗ್‌ತಾಂಗ್ ಬಯಲಾಗುತ್ತದೆ. ಅಲ್ಲಿನ ಕುರಿಗಾಹಿಗಳು ಸರೋವರಗಳ ಉಪ್ಪನ್ನು ಯಾಕ್‌ಗಳ ಮೇಲೂ ಕುರಿಗಳ ಮೇಲೂ ಹೇರಿ ತಂದು ಜವೆಗೋಧಿಗೆ ಬದಲಾಯಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು ಸಾಗಿಸುತ್ತಿದ್ದಂತೆಯೇ ಎನ್ನಿ.

ದಾರಿಯ ಬುತ್ತಿ ತ್ಸಂಪಾ, ಅಂದರೆ ಜವೆಗೋಧಿಯ ಹುರಿಹಿಟ್ಟು. ಆ ಎತ್ತರದಲ್ಲಿ ನೀರು ಬೇಗ ಕುದಿದರೂ ಬೇಳೆ ಬೇಯದು, ಸೌದೆಯೂ ಅಪರೂಪ. ಹುರಿದ ಹಿಟ್ಟನ್ನು ಬೆಣ್ಣೆಯ ಚಹದಲ್ಲಿ ಕಲಸಿದರೆ ಊಟವಾಯಿತು. ರಾಗಿಯ ಹುರಿಹಿಟ್ಟು ಕಲಸಿ ತಿಂದು ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1959ರ ಮಾರ್ಚಿಯಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಇವರಲ್ಲಿ ಸಾವಿರಾರು ಮಂದಿಗೆ ಮೊದಲು ದೊರೆತ ಕೂಲಿ ಹಿಮಾಲಯದ ರಸ್ತೆಗಳದು. ಕುಲು, ಲಾಹೌಲ್ ಮುಂತಾದ ಕಡೆ ಹೆಂಗಸರು, ಮಕ್ಕಳು ಸಹ ಗುಡಾರಗಳಲ್ಲಿ ಮಲಗಿ, ಹಗಲೆಲ್ಲ ಕಲ್ಲು ಒಡೆದರು. ಇಂದು ರಜೆಗೆ ಹೋದವರು ಕಾರು ನಿಲ್ಲಿಸಿ ಚಿತ್ರ ತೆಗೆಯುವ ಆ ಸೀಮೆಯ ರಸ್ತೆಗಳಲ್ಲಿ ಇವರ ಬೆವರೂ ಸೇರಿದೆ.

ನೆಲೆಗಾಗಿ ಜವಾಹರಲಾಲ್ ನೆಹರೂ ರಾಜ್ಯಗಳಿಗೆ ಪತ್ರ ಬರೆದಾಗ ಮೈಸೂರು ಸರ್ಕಾರ ಮುಂದೆ ಬಂದು, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುನೆಲ ಕೊಟ್ಟಿತು. ಮೊದಲ ತಂಡಗಳು ಬಂದದ್ದು 1960-61ರ ಸುಮಾರಿಗೆ. ಲಾಸಾ ಸುಮಾರು 12,000 ಅಡಿ ಎತ್ತರದಲ್ಲಿದೆ. ಬೈಲಕುಪ್ಪೆ 3,000 ಅಡಿಯೊಳಗೆ. ನಾವು ಹಿತವೆನ್ನುವ ಹವೆಯೇ ಅವರಿಗೆ ಕುಲುಮೆ. ಕಾಡು ಕಡಿದು ಸುಡಬೇಕು, ಆ ಬೆಂಕಿಯ ಪಕ್ಕದ ಗುಡಾರದಲ್ಲೇ ಬಾಳಬೇಕು. ಸೆಕೆಗೂ ರೋಗಕ್ಕೂ ಹಲವರು ಬಲಿಯಾದರು. ಬಿತ್ತಿದ ಜೋಳ ತೆನೆಗಟ್ಟಿದರೆ ಆನೆಗಳು ಇಳಿಯುತ್ತಿದ್ದವು. ಹೆಗ್ಗಡದೇವನ ಕೋಟೆ, ಹುಣಸೂರಿನ ಕಾಡಂಚಿನ ರೈತರಿಗೆ ಇದು ಹಳೆಯ ಪಾಡು, ಆನೆಯನ್ನೇ ಕಾಣದ ನೆಲದಿಂದ ಬಂದವರಿಗೆ ಹೊಸದು. ಆದರೂ ಅವರು ಬಿಟ್ಟುಹೋಗಲಿಲ್ಲ. ಬೈಲಕುಪ್ಪೆಯ ಎರಡನೆಯ ನೆಲೆ 1969ರಲ್ಲಿ, ಹುಣಸೂರಿನ ಗುರುಪುರದ ನೆಲೆ 1972ರಲ್ಲಿ ಆಯಿತು. 1419ರಲ್ಲಿ ಲಾಸಾದ ಬಳಿ ಹುಟ್ಟಿದ ಸೆರಾ ಮಠವೂ ಇಲ್ಲಿ ಮತ್ತೆ ಎದ್ದಿತು.

ಕಲ್ಲು ಒಡೆದವರ ಮೊಮ್ಮಕ್ಕಳು ಇಂದು ಬೇಸಿಗೆಯಲ್ಲಿ, ನಿಮ್ಮ ಮಕ್ಕಳಂತೆಯೇ, ಲೇಹ್‌ವರೆಗೆ ಹೋಗಿಬರಬಹುದು. ಅಲ್ಲಿಂದ ಪೂರ್ವಕ್ಕೆ, ಅಜ್ಜ ನಡೆದು ಬಂದ ಸೀಮೆಗೆ, ಗಡಿ ದಾಟುವ ದಾರಿ ತೆರೆದಿಲ್ಲ.