ಬಸುರಿಯ ಬಿಪಿ: ಬಾಗಲಕೋಟೆ ಸೀಮೆಯ ಒಂದು ಪ್ರಯೋಗ

ಬಸುರಿಗೆ ಫಿಟ್ಸ್ ಬಂದರೆ ಮೂಗಿಗೆ ಉಳ್ಳಾಗಡ್ಡಿ ಹಿಡಿ, ಕೈಗೆ ಕಬ್ಬಿಣ ಕೊಡು, ಕೈಕಾಲ ಬೆರಳು ಹಿಚುಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ 14 ಗುಂಪುಗಳಾಗಿ ಕೂತು ಮಾತಾಡಿದ 219 ಮಂದಿ ಸಂಶೋಧಕರಿಗೆ ಹೇಳಿದ ಉಪಚಾರಗಳಿವು. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬಿಪಿಗೂ ಮೂರ್ಛೆಗೂ ಜನರ ಬಾಯಲ್ಲಿ ಹೆಸರಿತ್ತು. ಬಸುರಿನಲ್ಲಷ್ಟೇ ಬರುವ ಬಿಪಿಗೆ ಬೇರೆ ಹೆಸರಿರಲಿಲ್ಲ. ಟೆನ್ಷನ್ ಮತ್ತು ಸರಿಯಿಲ್ಲದ ಊಟ ಬಿಪಿಗೆ ಕಾರಣ, ಬೆಂಕಿ-ನೀರಿನ ಸೋಂಕಿನಿಂದ ಫಿಟ್ಸ್ ಎಂದು ಅವರು ಎಣಿಸಿದ್ದರು. ಆದರೆ ಉಳ್ಳಾಗಡ್ಡಿ ಹಿಡಿದವರು ಆಸ್ಪತ್ರೆಗೆ ಒಯ್ಯಲು ತಡಮಾಡುತ್ತಿರಲಿಲ್ಲ. ಹಳ್ಳಿಯವರ ಮೌಢ್ಯವೆಂದು ಮೂಗು ಮುರಿಯುವವರು ಇದನ್ನೂ ಕೇಳಿಸಿಕೊಳ್ಳಬೇಕು.

ಇಪ್ಪತ್ತು ವಾರ ದಾಟಿದ ಮೇಲೆ ಬಿಪಿ 140/90ಕ್ಕೇರಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋದರೆ ಅಥವಾ ಕಿಡ್ನಿ, ಲಿವರ್ ಕೆಟ್ಟರೆ ಅದು ಪ್ರಿ-ಎಕ್ಲಾಂಪ್ಸಿಯಾ; ಉಲ್ಬಣಿಸಿದರೆ ಫಿಟ್ಸ್. ಇದರ ಮೂಲ ಮಾಸಿನಲ್ಲಿ, ಪೆಟ್ಟು ತಾಯಿಯ ರಕ್ತನಾಳಗಳಿಗೆ. ಹೆರಿಗೆಯೊಂದಿಗೆ ಕಥೆ ಮುಗಿಯುವುದೂ ಇಲ್ಲ. ಇಂಥ ತಾಯಂದಿರಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ಇಟಲಿಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಸಾಧನವನ್ನು 1896ರಲ್ಲಿ ಪ್ರಕಟಿಸಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅದಕ್ಕೆ ಸ್ಟೆತಾಸ್ಕೋಪ್ ಜೋಡಿಸಿದ. ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಫಿಟ್ಸ್ ಬರುವುದನ್ನು ಅರ್ಧಕ್ಕಿಳಿಸುತ್ತದೆ ಎಂದು 2002ರಲ್ಲಿ 10 ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲಿನ ‘ಮ್ಯಾಗ್‌ಪೈ’ ಪ್ರಯೋಗ ತೋರಿಸಿತು. ಅಳೆಯುವ ಪಟ್ಟಿಯಿದೆ, ಮದ್ದಿದೆ. ಇವನ್ನು ಬಸುರಿಯ ಮನೆ ಬಾಗಿಲಿಗೇ ಒಯ್ದರೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ‘ಕ್ಲಿಪ್’ ಪ್ರಯೋಗ. ನಡೆದದ್ದು ಬೆಳಗಾವಿ ಜಿಲ್ಲೆಯಲ್ಲಿ ಮತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಬಾಗಲಕೋಟೆ ಜಿಲ್ಲೆಯಲ್ಲಿ. ಬೆಳಗಾವಿಯ ಜೆಎನ್ ವೈದ್ಯಕೀಯ ಕಾಲೇಜು, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಹಾಗೂ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಇದರಲ್ಲಿ ಕೈಜೋಡಿಸಿದ್ದರು. 2014ರ ನವೆಂಬರಿನಿಂದ 2016ರ ಅಕ್ಟೋಬರ್‌ವರೆಗೆ 12 ಪ್ರದೇಶಗಳು. ಆರರಲ್ಲಿ ಹೊಸ ವ್ಯವಸ್ಥೆ, ಆರರಲ್ಲಿ ಎಂದಿನ ಆರೈಕೆ. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು, ತೋಳಿಗೆ ಪಟ್ಟಿ ಸುತ್ತಿ, ಯಂತ್ರದ ಗುಂಡಿ ಒತ್ತಿ, ಅಂಕಿಯನ್ನು ಮೊಬೈಲಿಗೆ ಹಾಕುವಳು. ತಲೆನೋವುಂಟೆ, ಕಣ್ಣು ಮಂಜಾಗುವುದುಂಟೆ ಎಂಬ ಉತ್ತರವೂ ಅದರೊಳಗೆ. ನಾಲ್ಕು ತಾಸಿನೊಳಗೆ ಆಸ್ಪತ್ರೆಗೋ, 24 ತಾಸಿನೊಳಗೋ ಎಂದು ಮೊಬೈಲ್ ಹೇಳುತ್ತಿತ್ತು. ಬಿಪಿ ವಿಪರೀತ ಏರಿದ್ದರೆ ಮೀಥೈಲ್‌ಡೋಪಾ ಗುಳಿಗೆ, ಫಿಟ್ಸಿನ ಭಯವಿದ್ದರೆ ಮೆಗ್ನೀಸಿಯಂ ಇಂಜೆಕ್ಷನ್.

ಚೊಚ್ಚಲು ಬಸುರಿ ಏಳನೇ ತಿಂಗಳಿಗೋ ಒಂಬತ್ತಕ್ಕೋ ತವರಿಗೆ ಹೊರಡುವ ಸೀಮೆ ಇದು. ಬನಹಟ್ಟಿಯಲ್ಲಿ ಹೆಸರು ಬರೆಸಿದವಳು ಬೀಳಗಿಯಲ್ಲಿ ಹಡೆಯಬಹುದು. ಆದರೂ ದಾಖಲಾದ 14,783 ಬಸುರುಗಳಲ್ಲಿ ಒಂದೂ ಲೆಕ್ಕ ತಪ್ಪಲಿಲ್ಲ. ಈ ಸಾಧನೆಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ.

ಫಲಿತಾಂಶ 2020ರಲ್ಲಿ ಹೊರಬಿತ್ತು. ತಾಯಿ-ಮಗುವಿನ ಸಾವು ಮತ್ತು ಗಂಭೀರ ತೊಂದರೆ ಶೇ. 20ರಷ್ಟು ಇಳಿಯಬೇಕೆಂಬುದು ಗುರಿ. ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಔಷಧಿಗಳಿಂದ ಅಪಾಯವೇನೂ ಆಗಲಿಲ್ಲ. ಎಂಟು ಅಥವಾ ಹೆಚ್ಚು ಸಲ ಭೇಟಿ ಸಿಕ್ಕವರಲ್ಲಿ, ಒಂದೂ ಭೇಟಿ ಸಿಗದವರಿಗಿಂತ, ಹೊಟ್ಟೆಯಲ್ಲೇ ಮಗು ಸಾಯುವುದು ತೀರ ಕಡಿಮೆಯಿತ್ತು. ಈ ಅಂಕಿಯನ್ನು ಹಿಡಿದು ಕುಣಿಯುವಂತಿಲ್ಲ: ಬೇಗ ಕಳೆದುಹೋದ ಬಸುರಿಗೆ ಎಂಟು ಭೇಟಿಯ ಅವಕಾಶವೇ ಇರುವುದಿಲ್ಲ.

ಸಂಶೋಧಕರು ಸೋಲನ್ನು ಮುಚ್ಚಿಡಲಿಲ್ಲ. ಸಮುದಾಯದ ಮಟ್ಟದ ಕ್ರಮವೊಂದರಿಂದಲೇ ವಾಯವ್ಯ ಕರ್ನಾಟಕದಲ್ಲಿ ಫಲ ಸುಧಾರಿಸಲಿಲ್ಲವೆಂದು ಬರೆದರು. ಪಟ್ಟಿ ಮನೆಗೆ ಬಂದಿತ್ತು. ಮನೆಯಿಂದ ಹೊರಟ ಬಸುರಿ ತಲುಪುವ ಆಸ್ಪತ್ರೆಯನ್ನು ಸುಧಾರಿಸುವುದು ಪ್ರಯೋಗದ ಚೌಕಟ್ಟಿನಲ್ಲಿರಲಿಲ್ಲ.

ಆದರೆ ಅದೇ 2020ರ ಜನವರಿಯಲ್ಲಿ ಬೆಳಗಾವಿ ಪಾಲ್ಗೊಂಡಿದ್ದ, ಫಲ ಕಂಡ ಇನ್ನೊಂದು ಪ್ರಯೋಗದ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು. ಆರು ದೇಶಗಳ 11,976 ಚೊಚ್ಚಲು ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿಗುಳಿಗೆ. ದಿನ ತುಂಬದ ಹೆರಿಗೆ ಹುಸಿಗುಳಿಗೆಯವರಲ್ಲಿ ಶೇ. 13.1 ಇದ್ದರೆ, ಆಸ್ಪಿರಿನ್ ನುಂಗಿದವರಲ್ಲಿ 11.6ಕ್ಕೆ ಇಳಿದಿತ್ತು.