ಸಹ್ಯಾದ್ರಿಯ ಮೆಟ್ಟಿಲಿಳಿಯುವ ರೈಲು

ಜಗತ್ತಿನ ಅತಿ ಉದ್ದದ ರೈಲು ಸುರಂಗ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆಲ್ಪ್ಸ್ ಪರ್ವತದ ಬುಡವನ್ನೇ ಕೊರೆದು ಸಾಗುವ ಗೊಟ್ಹಾರ್ಡ್ ಸುರಂಗದ ಉದ್ದ 57 ಕಿಲೋಮೀಟರ್. 2016ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಘಟ್ಟದ ಹಳಿಯ ಉದ್ದ 55 ಕಿಲೋಮೀಟರ್. ಅದರಲ್ಲಿರುವ ಸುರಂಗಗಳ ಸಂಖ್ಯೆ 57! ಸ್ವಿಟ್ಜರ್ಲೆಂಡಿನ ರೈಲು ತನ್ನ ಒಂದೇ ಸುರಂಗವನ್ನು ಸುಮಾರು 20 ನಿಮಿಷಗಳಲ್ಲಿ ದಾಟಿಬಿಡುತ್ತದೆ. ನಮ್ಮ ರೈಲಿಗೆ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಎರಡು ಗಂಟೆಗೂ ಹೆಚ್ಚು ಕಾಲ ಬೇಕು.

ಹಾನುಬಾಳಿನಿಂದ ಸಕಲೇಶಪುರಕ್ಕೆ ಬಂದು ಮಂಗಳೂರಿನ ರೈಲು ಹತ್ತುವವರು ಒಮ್ಮೆಯಾದರೂ ಕೇಳಿಕೊಂಡಿರಬಹುದಾದ ಪ್ರಶ್ನೆ ಇದು: ನಮ್ಮಲ್ಲೂ ಒಂದೇ ಉದ್ದನೆಯ ಸುರಂಗ ಕೊರೆದು ಈ ಆಮೆ ನಡಿಗೆಯನ್ನು ತಪ್ಪಿಸಬಾರದೆ?

ಉತ್ತರ ಬೆಟ್ಟದ ಆಕಾರದಲ್ಲಿಯೇ ಇದೆ. ಆಲ್ಪ್ಸ್ ಒಂದು ಗೋಡೆ ಇದ್ದಂತೆ. ಅದರ ಎರಡೂ ಬದಿಗೆ ತಗ್ಗಿನ ಕಣಿವೆಗಳಿವೆ. ಗೋಡೆಗೆ ತೂತು ಕೊರೆದರೆ ಈಚೆಯಿಂದ ಆಚೆಗೆ ಹತ್ತಿಳಿಯದೆ ಹೋಗಬಹುದು. ನಮ್ಮ ಪಶ್ಚಿಮ ಘಟ್ಟ ಹಾಗಲ್ಲ, ಅದೊಂದು ಮೆಟ್ಟಿಲು. ಕರಾವಳಿಯಿಂದ ಹತ್ತಿದವನು ಸಕಲೇಶಪುರದಲ್ಲಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುತ್ತಾನೆ. ಅಲ್ಲಿಂದ ಆಲೂರು, ಹಾಸನಗಳತ್ತ ಹೋದರೂ ಮತ್ತೆ ಇಳಿಯುವ ಮಾತಿಲ್ಲ, ನಾಡೆಲ್ಲ ಆ ಎತ್ತರದಲ್ಲಿಯೇ ಹರಡಿಕೊಂಡಿದೆ. ಎಲ್ಲಿ ಸುರಂಗ ಕೊರೆದರೂ ಈ ಎತ್ತರವನ್ನು ಹತ್ತಲೇಬೇಕು.

ನುಣುಪಿನ ಲಾಭ, ನುಣುಪಿನ ನಷ್ಟ

ಈ ಮಾರ್ಗದಲ್ಲಿ ಅತಿ ಕಡಿದಾದ ಏರು 50 ಮೀಟರಿಗೆ 1 ಮೀಟರ್. ಎತ್ತಿನ ಗಾಡಿಗೆ ಇದು ಏರೆಂದೇ ಅನ್ನಿಸದು. ಶಿರಾಡಿ ಘಾಟಿಯ ಬಸ್ಸು ಇದಕ್ಕಿಂತ ಕಡಿದಾದ ರಸ್ತೆಯನ್ನು ದಿನವೂ ಹತ್ತುತ್ತದೆ. ಆದರೆ ರೈಲಿಗೆ ಇದು ಕಠಿಣ ಪರೀಕ್ಷೆ. ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಒಂದು ನಾಣ್ಯದಷ್ಟೂ ಇರುವುದಿಲ್ಲ. ಈ ನುಣುಪಿನಿಂದಲೇ ಒಂದು ಎಂಜಿನ್ ಬಯಲಿನಲ್ಲಿ ಸಾವಿರಾರು ಟನ್ ಸರಕನ್ನು ಸಲೀಸಾಗಿ ಎಳೆಯುತ್ತದೆ. ಘಟ್ಟದಲ್ಲಿ ಅದೇ ನುಣುಪು ಶತ್ರುವಾಗುತ್ತದೆ. ಹತ್ತುವಾಗ ಚಕ್ರ ಜಾರುತ್ತದೆ. ಇಳಿಯುವಾಗ ಗಾಡಿ ನಿಲ್ಲಲೊಲ್ಲದು.

ಹತ್ತುವ ಕಷ್ಟಕ್ಕೆ ಪರಿಹಾರ ಸುಲಭ. ಇನ್ನೊಂದೆರಡು ಎಂಜಿನ್ ಜೋಡಿಸಿದರಾಯಿತು. ರೈಲ್ವೆಯವರು ಇವಕ್ಕೆ ‘ಬ್ಯಾಂಕರ್’ ಎನ್ನುತ್ತಾರೆ. ನಿಜವಾದ ಅಪಾಯ ಇರುವುದು ಇಳಿಯುವಾಗ. ಬ್ರೇಕು ಕಾದು ಸೋತರೆ ಇಡೀ ಗಾಡಿ ಕೈತಪ್ಪುತ್ತದೆ. ಆದ್ದರಿಂದಲೇ ಈ ಘಟ್ಟದಲ್ಲಿ ವೇಗಕ್ಕೆ ಗಂಟೆಗೆ 30 ಕಿಲೋಮೀಟರಿನ ಕಟ್ಟು. ಮುಂಬಯಿ-ಪುಣೆ ನಡುವಿನ ಭೋರ್ ಘಾಟಿನಂಥ ಕಡೆ ಇನ್ನೊಂದು ಉಪಾಯವೂ ಇದೆ. ಇಳಿಜಾರಿನ ಪಕ್ಕದಲ್ಲಿ ಮೇಲ್ಮುಖವಾದ ಒಂದು ಕವಲು ಹಳಿ ಹಾಕಿರುತ್ತಾರೆ. ಕೈತಪ್ಪಿದ ಗಾಡಿ ಅದಕ್ಕೆ ನುಗ್ಗಿ, ಏರು ಹತ್ತಲಾರದೆ ತಾನೇ ನಿಲ್ಲುತ್ತದೆ.

ಇಳಿಜಾರನ್ನು ಹಿತಮಿತವಾಗಿ ಇಡಬೇಕಾದರೆ ದಾರಿಯನ್ನು ಉದ್ದ ಮಾಡಬೇಕು. ಹಳಿ ಕಣಿವೆಯ ಮಗ್ಗುಲಿಗೇ ಅಂಟಿಕೊಂಡು ಸುತ್ತುತ್ತ ಸಾಗಬೇಕು. ಗುಡ್ಡದ ಮೂಗು ಅಡ್ಡ ಬಂದಲ್ಲಿ ಸುರಂಗ, ಹಳ್ಳ ಅಡ್ಡ ಬಂದಲ್ಲಿ ಸೇತುವೆ. ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು ನಿಲ್ದಾಣಗಳ ನಡುವೆ ಕತ್ತಲೆ, ಬೆಳಕು, ಮತ್ತೆ ಕತ್ತಲೆ ಎಂಬ ಆಟ ನಡೆಯುವುದು ಹೀಗೆ. 57 ಸುರಂಗಗಳಿಗೂ ನೂರಕ್ಕೂ ಹೆಚ್ಚು ಸೇತುವೆಗಳಿಗೂ ಕಾರಣ ಇದೇ.

ಬೇರೆಯವರು ಬೇರೆ ದಾರಿ ಕಂಡುಕೊಂಡರು. 1881ರಲ್ಲಿ ಪೂರ್ಣಗೊಂಡ ಡಾರ್ಜಿಲಿಂಗ್ ರೈಲು ಹಿಂದೆ ಮುಂದೆ ಅಂಕುಡೊಂಕಾಗಿ ಹತ್ತುತ್ತದೆ. ನೀಲಗಿರಿಯಲ್ಲಿ 12 ಮೀಟರಿಗೆ ಸುಮಾರು 1 ಮೀಟರ್ ಏರು; ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಸ್ವಿಟ್ಜರ್ಲೆಂಡಿನ ಪಿಲಾಟಸ್ ಬೆಟ್ಟದ ರೈಲಂತೂ 1889ರಿಂದಲೂ ಎರಡು ಮೀಟರಿಗೆ ಹೆಚ್ಚುಕಡಿಮೆ ಒಂದು ಮೀಟರಿನಂತೆ ಹತ್ತುತ್ತಿದೆ! ಇವೆಲ್ಲ ಹಗುರ ಗಾಡಿಗಳು. ಬಂದರಿನ ಭಾರೀ ಸರಕು ಸಾಗಬೇಕಾದ ನಮ್ಮ ದಾರಿಗೆ ಈ ಉಪಾಯಗಳು ಒಗ್ಗುವುದಿಲ್ಲ.

72 ವರ್ಷ ಕಾಯ್ದ ಊರು

ಇನ್ನೂ ಒಂದು ಸೋಜಿಗ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು. ಅದು ಬಂದದ್ದು ಮಲಬಾರಿನ ಕಡೆಯಿಂದ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟದ ಮೇಲಿನ ನಾಡು ಮೈಸೂರು ಸಂಸ್ಥಾನದ್ದು. ಹಾಸನಕ್ಕೂ ಸಂಸ್ಥಾನದ ಕಾಲದಲ್ಲೇ ರೈಲು ಬಂದಿತ್ತು. ನಡುವೆ ಉಳಿದದ್ದು ಈ ಮೆಟ್ಟಿಲು ಮಾತ್ರ. ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲೇ ಹೋಗುತ್ತೇನೆಂದವರು ಶೋರನೂರು, ಈರೋಡ್, ಸೇಲಂ, ಜೋಲಾರಪೇಟೆಗಳನ್ನು ಸುತ್ತಬೇಕಿತ್ತು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ಈ ಸುತ್ತು ತಪ್ಪಲಿಲ್ಲ. ಘಟ್ಟದ ಕೆಲಸ ಶುರುವಾದದ್ದು 1960ರ ದಶಕದಲ್ಲಿ, ಮಾರ್ಗ ತೆರೆದದ್ದು 1979ರಲ್ಲಿ. ಮಂಗಳೂರಿಗೆ ಮೊದಲ ರೈಲು ಬಂದು ಆಗ 72 ವರ್ಷವಾಗಿತ್ತು.

ಇಷ್ಟು ಕಾದು ಪಡೆದ ಹಳಿ ಮೀಟರ್ ಗೇಜಿನದು. 17 ವರ್ಷ ಕಳೆಯುವಷ್ಟರಲ್ಲಿ, ದೇಶವೆಲ್ಲ ಬ್ರಾಡ್ ಗೇಜ್ ಆಗಬೇಕೆಂಬ ಯೋಜನೆಯಂತೆ 1996ರಲ್ಲಿ ಘಟ್ಟದ ರೈಲು ನಿಂತಿತು. ಹಳಿಗಳ ಅಗಲದ ಈ ತಾಪತ್ರಯ ನಮ್ಮದೊಂದೇ ಅಲ್ಲ. ಆಸ್ಟ್ರೇಲಿಯದಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗುವವರು 1962ರವರೆಗೂ ಆಲ್ಬರಿ ಎಂಬಲ್ಲಿ ಗಂಟುಮೂಟೆ ಹೊತ್ತು ಬೇರೆ ಗಾಡಿಗೆ ಹತ್ತಬೇಕಿತ್ತು. ನಮ್ಮಲ್ಲಿ ಅಗಲದ ಹಳಿಯ ಮೇಲೆ ಸರಕು ರೈಲು ಓಡಿದ್ದು 2006ರಲ್ಲಿ. ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರಿನಲ್ಲಿ. ಈ 11 ವರ್ಷವೂ ಮಲೆನಾಡಿನವರಿಗೆ ಶಿರಾಡಿಯ ಹೊಂಡ ಬಿದ್ದ ರಸ್ತೆಯೇ ಗತಿಯಾಗಿತ್ತು. 2025ರ ಕೊನೆಗೆ ಘಟ್ಟದ ಹಳಿಯ ಮೇಲೆ ವಿದ್ಯುತ್ ತಂತಿಯನ್ನೂ ಎಳೆದು ಮುಗಿಸಲಾಯಿತು.

ಮುಗಿಯದ ಕಾಮಗಾರಿ

ಬಯಲಿನ ಹಳಿಯನ್ನು ಒಮ್ಮೆ ಹಾಕಿದರೆ ಬಹುಮಟ್ಟಿಗೆ ಕೆಲಸ ಮುಗಿದಂತೆ. ಘಟ್ಟದಲ್ಲಿ ಹಾಗಿಲ್ಲ. ಹಳಿ ಹಾಕಲು ಮಗ್ಗುಲು ಕಡಿದ ಗುಡ್ಡ ಪ್ರತಿ ಮಳೆಗಾಲದಲ್ಲಿಯೂ ನೀರು ಕುಡಿದು ಭಾರವಾಗುತ್ತದೆ, ತನ್ನ ಹಳೆಯ ಜಾಗಕ್ಕೆ ಜರಿಯಲು ನೋಡುತ್ತದೆ. 2018ರ ಆಗಸ್ಟಿನ ಮಳೆಗೆ ಹಲವೆಡೆ ಗುಡ್ಡ ಕುಸಿದು ವಾರಗಟ್ಟಲೆ ಸಂಚಾರ ನಿಂತಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ-ಯಡಕುಮರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಮತ್ತೆ ರೈಲುಗಳು ರದ್ದಾದವು.

ಆದ್ದರಿಂದ ಈ ಮಾರ್ಗವನ್ನು ಕಟ್ಟಿದವರಷ್ಟೇ ಮುಖ್ಯರಾದವರು ಅದನ್ನು ದಿನವೂ ಕಾಯುವವರು. ಜಡಿಮಳೆಯಲ್ಲಿ ಕಂಬಳಿಯನ್ನೋ ಪ್ಲಾಸ್ಟಿಕ್ ಕೊಪ್ಪೆಯನ್ನೋ ಹೊದ್ದು, ಕೈಯಲ್ಲಿ ದೀಪ ಹಿಡಿದು, ಗ್ಯಾಂಗ್‌ಮನ್‌ಗಳು ಹಗಲಿರುಳೂ ಹಳಿಯ ಮೇಲೆ ಗಸ್ತು ನಡೆಯುತ್ತಾರೆ. ಉರುಳಿದ ಒಂದು ಬಂಡೆ, ಬಾಗಿದ ಒಂದು ಮರ, ಬಣ್ಣ ಬದಲಿಸಿ ಹರಿವ ನೀರು, ಇವನ್ನು ರೈಲಿಗಿಂತ ಮೊದಲು ಕಾಣಬೇಕಾದ ಕಣ್ಣು ಅವರದು. ಕಾಡಾನೆಯ ಭಯ ಬೇರೆ.

ರೈಲು ಹೆಚ್ಚಬೇಕು, ವೇಗ ಹೆಚ್ಚಬೇಕು ಎಂಬ ಬೇಡಿಕೆ ಘಟ್ಟದ ಮೇಲೂ ಕೆಳಗೂ ಇದೆ. ಅದು ನ್ಯಾಯವಾದದ್ದೇ. ಆದರೆ ಗುಡ್ಡವನ್ನು ಇನ್ನಷ್ಟು ಕಡಿಯುವ ಮೊದಲು, ಈಗಾಗಲೇ ಕಡಿದ ಮಗ್ಗುಲು ಎಷ್ಟು ಗಟ್ಟಿಯಾಗಿದೆ ಎಂದು ನೋಡುವುದು ಜಾಣತನ. ಮಳೆಗಾಲದಲ್ಲಿ ಯಡಕುಮರಿಯ ಬಳಿ ರೈಲು ಅರ್ಧ ಗಂಟೆ ನಿಂತರೆ ಗೊಣಗುವವರು ಇಷ್ಟನ್ನು ನೆನೆಯಬಹುದು: ಮುಂದಿನ ಸುರಂಗದ ಬಾಯಲ್ಲಿ ಯಾರೋ ಒಬ್ಬರು ಮಳೆಯಲ್ಲಿ ನೆನೆಯುತ್ತ ಹಳಿ ನೋಡುತ್ತಿರುತ್ತಾರೆ.